ಕರುಣಮ್ಮನ ತುತ್ತು

ನಮ್ಮ ಕಡೆ ಹೆಂಗಸರ ಬೆನ್ನು ನೋವನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ. ರಾಯದುರ್ಗದಲ್ಲಿ ನಮ್ಮದು ಜವಳಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನೀರು ಸೇದುವುದು, ಹಿಟ್ಟು ಬೀಸುವುದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಓಡಾಡುವುದು, ಇಷ್ಟೆಲ್ಲ ಮಾಡುವವಳಿಗೆ ಬೆನ್ನು ನೋಯದಿದ್ದರೇ ಆಶ್ಚರ್ಯ. ಅತ್ತೆ ಹರಳೆಣ್ಣೆ ಕಾಯಿಸಿ ತಿಕ್ಕಿದರು, ಇಟ್ಟಿಗೆ ಬಿಸಿ ಮಾಡಿ ಶಾಖ ಕೊಟ್ಟರು. ಕಣೇಕಲ್ಲಿನಿಂದ ಎಲುಬು ಕೂಡಿಸುವವನೊಬ್ಬ ಬಂದು ಒದ್ದೆ ಬಟ್ಟೆ ಹಿಂಡಿದ ಹಾಗೆ ನನ್ನನ್ನು ಹಿಂಡಿ ಹೋದ. ಅವನು ಹೋದ ಮೇಲೆ ನೋವು ಇನ್ನೊಂದು ಗೇಣು ಕೆಳಗಿಳಿಯಿತು.

ಭಯವಾದದ್ದು ಬೇರೆ ಕಾರಣಕ್ಕೆ. ಒಂದು ದಿನ ನೆರೆಮನೆಗೆ ಹೋಗಿ ಬರುವಾಗ ಎಡಗಾಲಿನ ಚಪ್ಪಲಿ ಬೀದಿಯಲ್ಲೇ ಕಳಚಿ ಬಿದ್ದಿತ್ತು. ನನಗೆ ಗೊತ್ತೇ ಆಗಲಿಲ್ಲ. ಮಟಮಟ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಮನೆಗೆ ಬಂದಿದ್ದೆ. ನೆರೆಯಾಕೆ ಚಪ್ಪಲಿ ತಂದುಕೊಟ್ಟು ನಕ್ಕರು, ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಪಾದವನ್ನು ಚಿವುಟಿ ಚಿವುಟಿ ನೋಡಿಕೊಂಡು ಅತ್ತುಬಿಟ್ಟೆ. ನನ್ನ ಮಗಳು ಆಗ ತಾನೇ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಳು.

ನನ್ನ ತವರು ಮಡಕಶಿರದ ಹತ್ತಿರದ ಹಳ್ಳಿ. ಸುದ್ದಿ ಕೇಳಿ ಬಂದ ಅಣ್ಣ, ಮಡಕಶಿರದಲ್ಲಿ ಮಿಷನ್ನಿನವರ ಸಣ್ಣ ಆಸ್ಪತ್ರೆಯೊಂದಿದೆ, ಅಲ್ಲಿನ ಡಾಕ್ಟರಮ್ಮ ಮೂಳೆಯ ಕಾಯಿಲೆಗೆ ಹೆಸರಾದವರು ಎಂದ. ಮಿಷನ್ ಎಂದರೆ ಅತ್ತೆಗೆ ಆಗದು. ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡಿಕೊಳ್ಳುವ, ಪರರ ಮನೆಯ ಮಜ್ಜಿಗೆಯನ್ನೂ ಮುಟ್ಟದ ಹೆಂಗಸು ಅವರು. ಯಜಮಾನರು ತಾಯಿಯ ಮುಖ ನೋಡಿದರು. ಅತ್ತೆ ನನ್ನ ಪಾದ ನೋಡಿದರು.

“ನಾನೂ ಹೋಗ್ತೀನಿ” ಅಂದರು ಕೊನೆಗೆ. “ಅವರ ನೀರು ಮುಟ್ಟಾಂಗಿಲ್ಲ, ಅನ್ನ ಮುಟ್ಟಾಂಗಿಲ್ಲ. ತಮ್ಮ ದೇವರನ್ನ ನಮ್ಮ ಬಾಯಾಗ ಹಾಕಾಕ ಬಂದ್ರ ಅವತ್ತ ಗಾಡಿ ಕಟ್ಟಿಸ್ತೀನಿ. ಆಕಿ ಕಾಲು ಇದ್ರ ಇರ್ಲಿ, ಹೋದ್ರ ಹೋಗ್ಲಿ.”

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಏರು ಬಂದರೆ ಗಂಡಸರು ಇಳಿದು ತಳ್ಳಬೇಕು. ನನ್ನನ್ನು ಹಿಂದಿನ ಸೀಟಿನ ಮೇಲೆ ಹಾಸಿಗೆ ಹಾಕಿ ಮಲಗಿಸಿದ್ದರು. ಮಗಳನ್ನು ನೆಗೆಣ್ಣಿಯ ಕೈಗೆ ಕೊಟ್ಟು ಬಂದಿದ್ದೆ. ದಾರಿಯುದ್ದಕ್ಕೂ ಅವಳ ತೂಕ ನನ್ನ ಕಂಕುಳಲ್ಲೇ ಇದ್ದ ಹಾಗಿತ್ತು.

ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತಿರುವಾಗ ನಮ್ಮ ಸುತ್ತ ಕೂತಿದ್ದವರೆಲ್ಲ ತಮ್ಮ ತಮ್ಮ ಕಾಯಿಲೆಯನ್ನು ಮಾರಾಟಕ್ಕಿಟ್ಟವರ ಹಾಗೆ ಬಿಚ್ಚಿ ತೋರಿಸುತ್ತಿದ್ದರು. ಪಾವಗಡದ ಕಡೆಯ ಒಬ್ಬ ಹೆಂಗಸು ತನ್ನ ಮೊಣಕಾಲು ತೋರಿಸಿ, ಹೆದರಬೇಡ, ನನ್ನನ್ನು ಎತ್ತಿಕೊಂಡು ಬಂದಿದ್ದರು, ಈಗ ನಡೆದುಕೊಂಡು ಬರುತ್ತಿದ್ದೇನೆ ಎಂದಳು. ಅವಳ ಹೆಸರು ಕೇಳಲಿಲ್ಲ. ಆದರೆ ಮುಂದೆ ಎಷ್ಟೋ ತಿಂಗಳು ಆ ಮಾತನ್ನೇ ನೆಚ್ಚಿಕೊಂಡಿದ್ದೆ.

ಡಾಕ್ಟರಮ್ಮ ದೊರೆಸಾನಿ. ಕನ್ನಡಕ್ಕಿಂತ ತೆಲುಗು ಚೆನ್ನಾಗಿ ಬರುತ್ತಿತ್ತು. ಬೆನ್ನುಮೂಳೆಗೆ ಕ್ಷಯ ತಗುಲಿದೆ ಎಂದಾಗ ಅತ್ತೆ, ಇವಳು ಒಂದು ದಿನವೂ ಕೆಮ್ಮಿದವಳಲ್ಲ ಎಂದು ವಾದಕ್ಕೆ ನಿಂತರು. ಡಾಕ್ಟರಮ್ಮ ಸಾವಧಾನವಾಗಿ ಹೇಳಿದರು: ಮೈಗೆ ಪ್ಲಾಸ್ಟರ್ ಹಾಕಿ ಅಲ್ಲಾಡದೆ ಮಲಗಿಸಿದರೆ ಮೂಳೆ ಕೂಡಿಕೊಳ್ಳಬಹುದು, ಪಾದಗಳಿಗೆ ಸ್ಪರ್ಶ ಮರಳಬಹುದು. ಅರ್ಧಕ್ಕೆ ಎಬ್ಬಿಸಿ ಗಾಡಿಯಲ್ಲಿ ಕುಲುಕಿಸಿಕೊಂಡು ಹೋದರೆ ಎರಡು ಕಾಲೂ ಹೋದ ಹಾಗೇ. ಎಷ್ಟು ದಿನ ಎಂದು ಅಣ್ಣ ಕೇಳಿದ. ಮೂಳೆಯನ್ನೇ ಕೇಳಬೇಕು ಎಂದರು.

ಪ್ಲಾಸ್ಟರ್ ಹಾಕುವಾಗ ಮೈಮೇಲೆ ಏನೂ ಇರಬಾರದು ಎಂದಾಗ ಮೊದಲ ಗಲಾಟೆಯಾಯಿತು. ನಾವು ಹುಟ್ಟಿದಾಗಿನಿಂದ ಮೈಯಿಂದ ಅಗಲಿಸದ ಇಷ್ಟಲಿಂಗವನ್ನು ಬಿಚ್ಚಿ ಮೇಜಿನ ಮೇಲಿಡುವುದೆಂದರೆ ಪ್ರಾಣ ಬಿಚ್ಚಿಟ್ಟಂತೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಆಗ ಸುವಾರ್ತ ಎಂಬ ನರ್ಸು, ಅಲ್ಲೇ ಮಡಕಶಿರದ ಕಡೆಯವಳು, ಇದರಲ್ಲಿ ಜಗಳವೇನಿದೆ ಎನ್ನುವಂತೆ, “ಎಡಗೈಯಾಗೆ ಹಿಡ್ಕಳಲಿ ಬಿಡಿ ಅವ್ವಾರೆ, ಕೈಗೇನೂ ಪ್ಲಾಸ್ಟರ್ ಹಾಕಾಕಿಲ್ಲ” ಅಂದಳು. ಹಾಗೇ ಆಯಿತು. ಒದ್ದೆ ಪ್ಲಾಸ್ಟರ್ ಮೊದಲು ತಣ್ಣಗೆ ಕೊರೆಯಿತು, ಆಮೇಲೆ ತಾನೇ ಬಿಸಿಯೇರಿ ಬಿಗಿಯಿತು. ಅಷ್ಟು ಹೊತ್ತೂ ನಾನು ಮುಷ್ಟಿ ಬಿಚ್ಚಲಿಲ್ಲ.

ಅಲ್ಲಿಂದ ನನ್ನ ಲೋಕ ಮೇಲ್ಛಾವಣಿಯಷ್ಟೇ ಆಯಿತು. ಅಣ್ಣ ಒಂದು ಕೈಗನ್ನಡಿ ತಂದುಕೊಟ್ಟ ಮೇಲೆ ಸ್ವಲ್ಪ ಹಿಗ್ಗಿತು. ಅದನ್ನು ಮುಖದ ಮೇಲೆ ಹಿಡಿದು ಓರೆ ಮಾಡಿದರೆ ವಾರ್ಡಿನ ಸಾಲು ಮಂಚಗಳು, ಕಿಟಕಿಯಾಚೆ ಬೆಟ್ಟದ ಮೇಲಿನ ಕೋಟೆ, ಹಿತ್ತಿಲಿನ ಚಪ್ಪರದಲ್ಲಿ ಒಲೆ ಊದುತ್ತಿರುವ ಅತ್ತೆ ಎಲ್ಲ ಕಾಣುತ್ತಿದ್ದವು. ಅತ್ತೆ ತಮ್ಮ ನೀರು ತಾವೇ ಸೇದಿ, ತಮ್ಮ ಪಾತ್ರೆಯಲ್ಲೇ ಬೇಯಿಸುತ್ತಿದ್ದರು. ಡಾಕ್ಟರಮ್ಮ ಕೊಟ್ಟ ಮೀನೆಣ್ಣೆಯ ಸೀಸೆಯ ಮುಚ್ಚಳ ತೆಗೆದು ಮೂಸಿ, ವಾಪಸು ಕಳಿಸಿದರು. ದಿನಾ ಬೆಳಿಗ್ಗೆ ಸುವಾರ್ತ ನನ್ನ ಅಂಗಾಲಿಗೆ ಗರಿಯೊಂದನ್ನು ಆಡಿಸಿ ಏನಾದರೂ ತಿಳಿಯಿತೇ ಎಂದು ಕೇಳುತ್ತಿದ್ದಳು. ಅದು ಕೋಳಿಯ ಗರಿ ಎಂದು ಗೊತ್ತಾದ ದಿನ ಅತ್ತೆ ರಂಪ ಮಾಡಿದರು. ಮಾರನೆಯ ದಿನದಿಂದ ನವಿಲುಗರಿ ಬಂತು. ನನಗೆ ಎರಡೂ ಒಂದೇ ಆಗಿತ್ತು, ಏನೂ ತಿಳಿಯುತ್ತಿರಲಿಲ್ಲ. ಹೀಗೆ ಅಲ್ಲಾಡದೆ ಮಲಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. “ಇಲ್ಲ” ಎಂದು ದಿನಾ ಹೇಳುವುದು ರೋಗಿಗೆ ನಾಚಿಕೆಯ ಕೆಲಸ, ತಾನೇ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಆ ತಪ್ಪು ನಿಮ್ಮದಲ್ಲ.

ಮಲಗಿದವಳಿಗೆ ಕುತೂಹಲ ಬಿಟ್ಟರೆ ಬೇರೆ ಕೆಲಸವಿಲ್ಲ. ನಾನು ಮಲಗಿಯೇ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳುವುದನ್ನು ಸುವಾರ್ತ ನಿಂತು ನೋಡುತ್ತಿದ್ದಳು. ಇದನ್ನು ತೆಗೆದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದಳು. ಗೊತ್ತಿಲ್ಲ, ಯಾವತ್ತೂ ತೆಗೆದಿಲ್ಲ ಎಂದೆ. ನಾನೂ ಕೇಳಿದೆ, ನಿಮ್ಮ ದೇವರು ಮೈಮೇಲೆ ಎಲ್ಲಿರುತ್ತಾನೆ? ಅವಳಿಗೆ ನಗು ಬಂತು. ಅವರ ಗುಡಿಯನ್ನು ನಾನು ಕನ್ನಡಿಯಲ್ಲಿ ಕಂಡಿದ್ದೆ. ಹೆಂಚಿನ ಮಾಡು, ಬಿಳಿ ಗೋಡೆ, ಒಳಗೆ ಮೂರ್ತಿಯಿಲ್ಲ, ದೀಪವಿಲ್ಲ ಎಂದು ಸುವಾರ್ತ ಹೇಳಿದ್ದಳು. ತಿಂಗಳಿಗೊಂದು ಭಾನುವಾರ ಮಾತ್ರ ಮೇಜಿಗೆ ಬಿಳಿ ಬಟ್ಟೆ ಹಾಸಿ, ಗೋಧಿ ರೊಟ್ಟಿಯ ಚೂರುಗಳನ್ನೂ ದ್ರಾಕ್ಷಿ ರಸವನ್ನೂ ಇಟ್ಟು ಪ್ರಾರ್ಥನೆ ಮಾಡಿ ಎಲ್ಲರೂ ತೆಗೆದುಕೊಳ್ಳುತ್ತಿದ್ದರು. ಹಿಂದಿನ ಸಂಜೆ ಒಣದ್ರಾಕ್ಷಿ ನೆನೆಹಾಕಿ ಹಿಂಡುವವಳು ಈ ಸುವಾರ್ತಳೇ. ಆಗ ಅದು ಬರೀ ದ್ರಾಕ್ಷಿ. ಬೆಳಿಗ್ಗೆ ಅದರ ಮುಂದೆ ಡಾಕ್ಟರಮ್ಮನೂ ಮಂಡಿಯೂರುತ್ತಾರೆ. ಅದು ದೇವರಾಗುವುದು ಯಾವ ಗಳಿಗೆಯಲ್ಲಿ ಎಂದು ಕೇಳಿದೆ. ಸುವಾರ್ತ ಯೋಚಿಸಿ ಹೇಳುತ್ತೇನೆ ಎಂದು ಹೋದವಳು ಆ ಮಾತನ್ನು ಮರೆತೇಬಿಟ್ಟಳು. ನಾನು ಮರೆಯಲಿಲ್ಲ. ನಮ್ಮಲ್ಲೂ ಕಲ್ಲು ಗುರುವಿನ ಕೈಯಿಂದ ಬಂದ ಮೇಲೆ ತಾನೇ ಲಿಂಗವಾಗುವುದು? ಅದರ ಗಳಿಗೆ ಯಾವುದೆಂದು ನಾನು ನಮ್ಮವರನ್ನೂ ಕೇಳಿರಲಿಲ್ಲ.

ನನ್ನ ಪಕ್ಕದ ಮಂಚದಲ್ಲಿ ಕರುಣಮ್ಮ ಎಂಬ ಮುದುಕಿ ಇದ್ದಳು. ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ. ಊರ ಹೊರಗಿನ ಕೇರಿಯವಳು, ತಾಯಿಯ ಕಾಲಕ್ಕೇ ಕ್ರೈಸ್ತರಾದವರು. ಒಬ್ಬನೇ ಮಗ ಹೆಂಡತಿಯೊಂದಿಗೆ ಕೋಲಾರದ ಗಣಿಯಲ್ಲಿದ್ದ. ನೋಡಿಕೊಳ್ಳಲು ಯಾರೂ ಇರಲಿಲ್ಲ. ಅತ್ತೆ ನನ್ನ ಮಂಚಕ್ಕೆ ಬರುವಾಗ ಅವಳ ಮಂಚ ತಗಲದಂತೆ ಸೆರಗು ಹಿಡಿದುಕೊಂಡು ಬರುತ್ತಿದ್ದರು. ಕರುಣಮ್ಮನೂ ತನ್ನ ಚಾಪೆಯ ಅಂಚನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದಳು. ಇಬ್ಬರಿಗೂ ಅದು ಅಭ್ಯಾಸವಾಗಿತ್ತು.

ಒಂದು ತಿಂಗಳು ಆ ಭಾನುವಾರ ಬಂದಾಗ ಕರುಣಮ್ಮನಿಗೆ ಏಳಲಾಗಲಿಲ್ಲ. ಗುಡಿಯ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಅವಳ ಪಾಲನ್ನು ವಾರ್ಡಿಗೇ ತಂದರು. ಅಯ್ಯಗಾರು ಎಂದೇ ಎಲ್ಲರೂ ಅವರನ್ನು ಕರೆಯುವುದು. ಬಳ್ಳಾರಿ ಕಡೆಯವರು, ಮಾತು ಅತ್ತೆಯ ಮಾತಿನ ಹಾಗೇ ಇತ್ತು. ನಾನು ಕನ್ನಡಿ ಎತ್ತಿ ಹಿಡಿದೆ. ಅಯ್ಯಗಾರು ಮೆಲ್ಲಗೆ ಪ್ರಾರ್ಥನೆ ಹೇಳಿ ರೊಟ್ಟಿಯ ಚೂರನ್ನು ಅವಳ ಅಂಗೈಯಲ್ಲಿಟ್ಟರು. ಅವಳ ಕೈ ನಡುಗಿತು. ಚೂರು ಬಾಯಿ ಸೇರುವ ಮೊದಲೇ ಜಾರಿ ನೆಲಕ್ಕೆ, ಎರಡು ಮಂಚಗಳ ನಡುವೆ ಬಿತ್ತು.

ನನಗೆ ಗಂಜಿ ತರುತ್ತಿದ್ದ ಅತ್ತೆ ಅಲ್ಲೇ ಇದ್ದರು. ಒಂದು ಹೆಜ್ಜೆ ಇಟ್ಟಿದ್ದರೆ ಕಾಲಿಗೆ ಸಿಗುತ್ತಿತ್ತು. ನಮ್ಮ ಮನೆಗಳಲ್ಲಿ ಪ್ರಸಾದ ನೆಲಕ್ಕೆ ಬೀಳಬಾರದು, ಬಿದ್ದರೆ ಬಿಡಬಾರದು. ಮಕ್ಕಳಿಗೆ ಮಾತು ಬರುವ ಮೊದಲೇ ಇದನ್ನು ಕಲಿಸುತ್ತಾರೆ. ಅತ್ತೆ ಬಗ್ಗಿದರು. ಚೂರನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅವರ ಕೈ ಅಷ್ಟು ವರ್ಷ ಮಾಡಿಕೊಂಡು ಬಂದದ್ದನ್ನೇ ಮಾಡಿತ್ತು. ನುಂಗಿದ ಮೇಲೆಯೇ ಅವರಿಗೆ ಎಚ್ಚರವಾದದ್ದು.

ಸುವಾರ್ತ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಯಾರೂ ಬಲವಂತ ಮಾಡದೆ ಅವರ ದೇವರು ಅತ್ತೆಯ ಬಾಯಿಗೆ ಹೋಗಿದ್ದ. ಗಾಡಿ ಕಟ್ಟಿಸುತ್ತೇನೆ ಎಂದ ಮಾತು ಅತ್ತೆಗಿಂತ ಮೊದಲು ನನಗೆ ನೆನಪಾಯಿತು.

ಅತ್ತೆ ಗಂಜಿಯ ಪಾತ್ರೆಯನ್ನು ಕೆಳಗಿಟ್ಟು ಅಯ್ಯಗಾರನ್ನೇ ನೇರವಾಗಿ ಕೇಳಿದರು. “ನಾ ಈಗ ನಿಮ್ಮಾಕಿ ಆದ್ನೇನ್ರಿ?”

“ಇಲ್ರಿ ಅಮ್ಮ. ಕೈತಪ್ಪಿ ಯಾರೂ ನಮ್ಮವರಾಗೂದಿಲ್ಲ.”

“ಹಂಗಾದ್ರ ಅದು ಬರೇ ರೊಟ್ಟಿ ಏನ್ರಿ? ಬರೇ ರೊಟ್ಟಿ ತುಣುಕು ನಾ ಕಣ್ಣಿಗೊತ್ತಿಕೊಂಡ್ನೇನು?”

ನನ್ನ ಪ್ರಶ್ನೆಯೇ ಅತ್ತೆಯ ಬಾಯಿಂದ ಬಂದಿತ್ತು. ನಾನು ನೋವು ಮರೆತು ಕಿವಿಗೊಟ್ಟೆ. ಅಯ್ಯಗಾರು ತಡೆದು ತಡೆದು ಹೇಳಿದರು. ತಮ್ಮ ಸ್ವಾಮಿ ಸಾಯುವುದಕ್ಕೆ ಮುಂಚಿನ ಊಟದಲ್ಲಿ ರೊಟ್ಟಿ ಮುರಿದು ತನ್ನವರಿಗೆ ಹಂಚಿದನಂತೆ. ಇನ್ನು ಮುಂದೆ ಹೀಗೆ ಮುರಿದು ತಿನ್ನುವಾಗ ತನ್ನನ್ನು ನೆನೆಯಿರಿ ಎಂದನಂತೆ. ರೊಟ್ಟಿ ರೊಟ್ಟಿಯೇ, ಆದರೆ ನೆನೆದು ತಿಂದವರ ನಡುವೆ ಅವನು ಇರುತ್ತಾನೆ ಎಂದು ತಾವು ನಂಬಿರುವುದಾಗಿ ಹೇಳಿದರು. ಅತ್ತೆ ತಲೆ ಅಲ್ಲಾಡಿಸಿದರು.

“ನಾ ನಿಮ್ಮ ಸ್ವಾಮೀನ ನೆನಸಲಿಲ್ರಿ. ಈ ಮುದುಕಿ ತುತ್ತು ನೆಲಕ್ಕ ಬಿತ್ತಲ್ಲ ಅಂತ, ಅಷ್ಟ ನೆನಸಿದೆ.”

“ಅದು ತಪ್ಪು ಅನ್ನಾಕ ನನಗ ಬಾಯಿ ಬರವಲ್ದು” ಅಂದರು ಅಯ್ಯಗಾರು.

ಅವರು ಇನ್ನೊಂದು ಚೂರು ತರಲು ಎದ್ದರು. ಕರುಣಮ್ಮ ಕೈಯಾಡಿಸಿ ತಡೆದಳು. “ಬ್ಯಾಡ ಅಯ್ಯಗಾರು. ನನ್ನ ಪಾಲು ಸಂದೈತೆ.” ಅವಳ ಕಣ್ಣಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯುತ್ತಿತ್ತು. ನಮ್ಮಂಥವರ ಮನೆಯ ಹಿತ್ತಿಲಲ್ಲಿ ಅವಳು ಜೀವಮಾನವೆಲ್ಲ ಬೊಗಸೆಯೊಡ್ಡಿ ಮೇಲಿನಿಂದ ಹುಯ್ದ ಮಜ್ಜಿಗೆ ಕುಡಿದವಳು. ತನ್ನ ಕೈ ಮುಟ್ಟಿದ್ದನ್ನು ಅಂಥ ಮನೆಯವರು ಕಣ್ಣಿಗೆ ಒತ್ತಿಕೊಂಡು ತಿಂದದ್ದನ್ನು ಇವತ್ತು ಕಂಡೆ ಎಂದು ಸುವಾರ್ತಳಿಗೆ ಹೇಳಿಕೊಂಡು ಅತ್ತಳು. ಅದು ಯಾರ ಕೈಯಿಂದ ಬಂದದ್ದು ಎಂಬುದು ಆಗ ಅತ್ತೆಗೆ ಪೂರಾ ನಾಟಿತು. ಅವರು ಮುಖ ತಿರುಗಿಸಿ ಹೊರಗೆ ಹೋದರು.

ಬಾವಿಯ ಹತ್ತಿರ ತಲೆಗೆ ನೀರು ಹೊಯ್ದುಕೊಂಡರು. ವಿಭೂತಿ ಧರಿಸಿ ಜಗಲಿಯಲ್ಲಿ ಕೂತು ಲಿಂಗವನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ, ನಾಳೆ ಗಾಡಿ ತರಬೇಕೆಂದು ಅಣ್ಣನಿಗೆ ಹೇಳಿಕಳಿಸಿದರು. ನಾನು ಕರೆದರೂ ಓಗೊಡಲಿಲ್ಲ. ಆ ದಿನ ಊಟವನ್ನೂ ಮಾಡಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವರ ಬಾಯಿ ಮಾಡಿದ ತಪ್ಪಿಗೆ ನನ್ನ ಕಾಲು ದಂಡ ತೆರಬೇಕೇ ಎಂದು ಕೇಳಬೇಕೆನಿಸಿತು. ಕೇಳುವ ಧೈರ್ಯವಾಗಲಿಲ್ಲ. ಮಗಳು ಈಗ ಗೋಡೆ ಬಿಟ್ಟು ನಡೆಯುತ್ತಿರಬಹುದು ಎಂದು ಎಣಿಸುತ್ತಾ ಮಲಗಿದೆ.

ಬೆಳಿಗ್ಗೆ ಗಾಡಿ ಬಂತು. ಅಣ್ಣ ಹುಲ್ಲಿನ ಮೇಲೆ ಮೆತ್ತೆ ಹಾಸಿ ತಂದಿದ್ದ, ಆದರೆ ಅವನ ಮುಖದಲ್ಲಿ ಕಳೆ ಇರಲಿಲ್ಲ. ಡಾಕ್ಟರಮ್ಮ ಹೊರಗೆ ಅವನಿಗೆ ತೆಲುಗಿನಲ್ಲಿ ಜೋರಾಗಿ ತಿಳಿಹೇಳುತ್ತಿದ್ದರು. ಸುವಾರ್ತ ಅವರ ಹಿಂದೆ ನಿಂತಿದ್ದಳು. ಅತ್ತೆ ಪಾತ್ರೆಗಳನ್ನು ಗಂಟು ಕಟ್ಟಿ ನನ್ನ ಮಂಚದ ಬಳಿ ಇಟ್ಟರು. ನನ್ನ ಬಟ್ಟೆಗಳನ್ನು ಮಡಿಸತೊಡಗಿದರು.

ಪಕ್ಕದ ಮಂಚದಿಂದ ಕರುಣಮ್ಮ ನೀರು ಕೇಳಿದಳು. ಅತ್ತೆಯನ್ನು ಕೇಳಲಿಲ್ಲ, ಸುವಾರ್ತ ಅಲ್ಲೇ ಇದ್ದಾಳೆಂದು ಕಣ್ಣು ಮುಚ್ಚಿಕೊಂಡೇ ಕೇಳಿದ್ದಳು. ಯಾರೂ ಬರಲಿಲ್ಲ. ಇನ್ನೊಮ್ಮೆ ಕೇಳಿದಳು, ದನಿ ಅರ್ಧಕ್ಕೇ ನಿಂತಿತು. ಅತ್ತೆ ಬಟ್ಟೆ ಮಡಿಸುತ್ತಿದ್ದ ಕೈ ನಿಲ್ಲಿಸಿದರು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಅತ್ತೆ ಗಂಟಿನ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ಕೆಳಗೆ ಕೂತು, ಬಿಗಿದು ಕಟ್ಟಿದ್ದ ಗಂಟನ್ನು ಬಿಚ್ಚಿ ತಮ್ಮ ಚೊಂಬನ್ನು ತೆಗೆದರು. ತಮ್ಮ ಕೊಡದ ನೀರು ತುಂಬಿಸಿ, ಮುದುಕಿಯ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ಚೊಂಬನ್ನು ಅವಳ ತುಟಿಗೆ ಹಿಡಿದರು. ಮೇಲಿನಿಂದ ಹುಯ್ಯಲಿಲ್ಲ.

ಅಣ್ಣ ಒಳಗೆ ಬಂದು, ಹೊರಡೋಣವೇ ಎಂದು ಕೇಳಿದ.

“ಗಾಡಿ ಹೊಡ್ಕೊಂಡು ಹೋಗಪ್ಪ” ಅಂದರು ಅತ್ತೆ, ಅವನ ಕಡೆ ತಿರುಗದೆ. “ಈಕಿ ತುತ್ತು ಉಂಡೀನಿ. ಈಕಿ ಇರೂ ತನಕ ನಾ ಹೆಂಗ ಬಿಟ್ಟು ಹೋಗ್ಲಿ? ಅನ್ನದ ಋಣ ಅನ್ನೂದು ಒಂದೈತಿಲ್ಲ.”

ಗಾಡಿ ಖಾಲಿ ಹೋದ ಸದ್ದು ಕೇಳಿ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಬೆನ್ನು ಅಲ್ಲಾಡಬಾರದೆಂದು ಸುವಾರ್ತ ಬಂದು ನನ್ನ ಭುಜ ಹಿಡಿದುಕೊಳ್ಳಬೇಕಾಯಿತು.

ಕರುಣಮ್ಮ ಅವತ್ತೋ ನಾಳೆಯೋ ಎನ್ನುವ ಹಾಗಿದ್ದವಳು ಶೇಂಗಾ ಕೀಳುವ ಕಾಲದವರೆಗೂ ಉಳಿದಳು. ಅತ್ತೆ ಅವಳಿಗೂ ಗಂಜಿ ಕಾಯಿಸಿದರು, ತಲೆ ಬಾಚಿದರು. ಇಬ್ಬರೂ ಸೊಸೆಯಂದಿರ ದೂರು ಹೇಳಿಕೊಂಡು ನಗುತ್ತಿದ್ದರು. ಒಬ್ಬ ಸೊಸೆ ಪಕ್ಕದಲ್ಲೇ ಮಲಗಿದ್ದಾಳೆ ಎಂಬ ಪರಿವೆ ಇಬ್ಬರಿಗೂ ಇರಲಿಲ್ಲ. ಸೆರಗು ಹಿಡಿದುಕೊಳ್ಳುವುದು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅಯ್ಯಗಾರು ರೊಟ್ಟಿ ತಂದಾಗ ಅತ್ತೆ ಕರುಣಮ್ಮನ ಮೊಣಕೈಗೆ ಆಸರೆ ಕೊಟ್ಟು ಹಿಡಿಯುತ್ತಿದ್ದರು. ತಾವು ತೆಗೆದುಕೊಳ್ಳಲಿಲ್ಲ, ಅವರೂ ಕೊಡಲಿಲ್ಲ. ಬೀಳಬಾರದು, ಅಷ್ಟೇ.

ಅವಳು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದ ಅತ್ತೆ ಒಂದು ದೊಡ್ಡ ಅನುಮಾನ ಹೊತ್ತುಕೊಂಡು ಬಂದರು. ನಮ್ಮ ಹಾಗೆ ಅವರೂ ಹೂಳುತ್ತಾರೆ, ಸರಿ. ಆದರೆ ನಾವು ಕೂರಿಸಿ ಇಡುತ್ತೇವೆ, ಅವರು ಮಲಗಿಸಿ ಇಟ್ಟರಂತೆ. ಸತ್ತವರು ಒಂದು ದಿನ ಎದ್ದು ಬರುತ್ತಾರೆಂದು ನಂಬುವವರು ಹಾಗೆ ಮಾಡಬಹುದೇ ಎಂದು ಅಯ್ಯಗಾರನ್ನೇ ಕೇಳಿದ್ದರು. “ಏಳಬೇಕಾದಾಕಿ ಕೂತಿದ್ರ ಸಲೀಸಲ್ಲೇನ್ರಿ?” ಅಯ್ಯಗಾರು ಗೋರಿಯ ಪಕ್ಕದಲ್ಲೇ ನಕ್ಕು, ಕಣ್ಣು ಒರೆಸಿಕೊಂಡರಂತೆ.

ಅವಳು ಹೋದ ಮೇಲೂ ಅತ್ತೆ ಗಾಡಿಯ ಮಾತೆತ್ತಲಿಲ್ಲ. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಕಾಲಿಗೆ ಇರುವೆ ಹತ್ತಿದೆ, ತೆಗೆಯಿರಿ ಎಂದೆ. ಅತ್ತೆಯ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ಕನ್ನಡಿ ಎತ್ತಿ ನೋಡಿದರೆ ನನ್ನ ಕಾಲ ಬಳಿ ಇರುವೆ ಇರಲಿಲ್ಲ. ಸುವಾರ್ತ ನವಿಲುಗರಿ ಹಿಡಿದು ನಿಂತಿದ್ದಳು.

ಪ್ಲಾಸ್ಟರ್ ಕತ್ತರಿಸಿ ತೆಗೆದು ನಾನು ನಡೆಯಲು ಕಲಿತದ್ದು ಇನ್ನೊಂದು ದೊಡ್ಡ ಕಥೆ. ಮೊದಲ ಸಲ ಕಟ್ಟಡ ದಾಟಿ ಹೋದದ್ದು ಅತ್ತೆಯ ಭುಜ ಹಿಡಿದು, ಕರುಣಮ್ಮನ ಗೋರಿಯವರೆಗೆ. ರಾಯದುರ್ಗಕ್ಕೆ ಬಂದಾಗ ಮಗಳು ಓಡಿ ಬರಲಿಲ್ಲ, ನನ್ನ ಗುರುತು ಹಿಡಿಯದೆ ನೆಗೆಣ್ಣಿಯ ಹಿಂದೆ ನಿಂತಳು. ಎರಡು ದಿನ ಅವಳ ಹಿಂದೆ ನಾನೇ ನಡೆದೆ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಅತ್ತೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಊಟಕ್ಕೆ ಕೂತಾಗ ಮೊದಲ ತುತ್ತನ್ನು ಕಣ್ಣಿಗೆ ಒತ್ತಿಕೊಳ್ಳುವುದು ಅವರ ಹಳೆಯ ಅಭ್ಯಾಸ. ಈಗ ಒತ್ತಿಕೊಂಡ ಮೇಲೆ ಒಂದು ಕ್ಷಣ ಹಾಗೇ ಹಿಡಿದಿರುತ್ತಿದ್ದರು. ಯಾಕೆಂದು ನೆಗೆಣ್ಣಿ ಕೇಳಿದರೆ, ಬಿಸಿ ಐತಿ ಅನ್ನುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ.

ರೊಟ್ಟಿ ಯಾವ ಗಳಿಗೆಯಲ್ಲಿ ದೇವರಾಗುತ್ತದೆ ಎಂಬ ನನ್ನ ಪ್ರಶ್ನೆಗೆ ಸುವಾರ್ತ ಕೊನೆಗೂ ಉತ್ತರ ಹೇಳಲಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ. ಆದರೆ ನೆಲದಿಂದ ಅತ್ತೆಯ ಕಣ್ಣಿನವರೆಗೆ ಆ ಚೂರು ಏರಿದ್ದನ್ನು ನಾನು ಕನ್ನಡಿಯಲ್ಲಿ ಕಂಡಿದ್ದೇನೆ. ಅತ್ತೆ ಹೋಗಿ ಈಗ ಒಂದು ವರ್ಷವಾಯಿತು. ನಮ್ಮ ಪದ್ಧತಿಯಂತೆ ಕೂರಿಸಿಯೇ ಇಟ್ಟಿದ್ದೇವೆ. ಈಗ ಮೊದಲ ತುತ್ತು ಹಿಡಿದು ತಡೆಯುವವಳು ನಾನು. ಆ ಕ್ಷಣದಲ್ಲಿ ಅತ್ತೆ, ಕರುಣಮ್ಮ ಇಬ್ಬರೂ ನೆನಪಿಗೆ ಬಂದು ಹೋಗುತ್ತಾರೆ. ಊಟ ಮುಗಿಸಿ, ಗೋಡೆ ಹಿಡಿಯದೆ ಎದ್ದು, ಕೈ ತೊಳೆಯಲು ಹಿತ್ತಿಲಿಗೆ ನಡೆದು ಹೋಗುತ್ತೇನೆ.